ರಾವಣನ ಒಂಬತ್ತನೆಯ ತಲೆ

ನಮ್ಮಣ್ಣನಷ್ಟು ಭಕ್ತಿಯಿಂದ ರಾಮಾಯಣವನ್ನು ಕೆಡಿಸಿದವರು ಶಿರಾ, ಮಧುಗಿರಿ ಎರಡೂ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ!

ನಮ್ಮದು ತೊಗಲುಗೊಂಬೆ ಆಡಿಸುವ ಮನೆ. ಅಪ್ಪ ಆಡಿಸುತ್ತಿದ್ದರು, ಅಣ್ಣ ಗೊಂಬೆಗಳಿಗೆ ಬಣ್ಣ ಬರೆಯುತ್ತಿದ್ದ, ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟ ನಾನು ಪರದೆಯ ಹಿಂದೆ ಕೂತು ಸೀತೆಗೆ ದನಿ ಕೊಡುತ್ತಿದ್ದೆ. ಅಣ್ಣನಿಗೆ ಟೆಂಟ್ ಸಿನಿಮಾದ ಹುಚ್ಚು. ಶಿರಾಕ್ಕೆ ಟೆಂಟ್ ಬಂತೆಂದರೆ ನಾವಿಬ್ಬರೂ ಅದರ ಅಂಚಿನಡಿ ತೆವಳಿ ಒಳಗೆ! ನೋಡಿದ್ದೆಲ್ಲ ಮರುವಾರ ಗೊಂಬೆಗಳ ಮೇಲೆ ಇಳಿಯುತ್ತಿತ್ತು, ಉಗುರಿನಷ್ಟು ಚಿಕ್ಕದಾಗಿ. ಮಾಯಾಜಿಂಕೆಗೆ ಹೀರೋನ ಕಪ್ಪು ಕನ್ನಡಕ. ಲಂಕೆಯ ಬಾಗಿಲಲ್ಲಿ ‘ಹೌಸ್‌ಫುಲ್’ ಬೋರ್ಡು. ಇಲ್ಲದಿದ್ದರೆ ಹನುಮಂತ ಗೋಡೆ ಯಾಕೆ ಹಾರಬೇಕಿತ್ತು, ಹೇಳಿ?

“ಯಾರ್ಗೂ ಯೋಳ್ಬ್ಯಾಡ ಕಣಮ್ಮಿ. ಕಂಡೋರು ಒಳಗೊಳಗೇ ನಗ್ಬೇಕು” ಅನ್ನುತ್ತಿದ್ದ.

“ಅಪ್ಪಂಗೆ ಗೊತ್ತಾದ್ರೆ?”

“ಅಪ್ಪ ಸಿನಿಮಾನೇ ನೋಡಿಲ್ವಲ್ಲ!”

ಒಂದು ಸಲ ಕೊಳಾಲದ ಹತ್ತಿರದ ಊರಿನವರು ಮಳೆ ಬರಲೆಂದು ಆಟ ಆಡಿಸಿದರು. ಅಶೋಕವನದ ಕಥೆ. ಸೀತೆ ಚೆನ್ನಾಗಿ ಅತ್ತರೆ ಮೋಡ ಕರಗುತ್ತದೆಂದು ಆ ಊರ ಗೌಡರ ನಂಬಿಕೆ. ರಾವಣ ಬಂದ. ಅವನ ಒಂಬತ್ತನೆಯ ತಲೆಗೆ ಸಿನಿಮಾ ವಿಲನ್ನನ ಗೆರೆಮೀಸೆ, ಓರೆ ಟೋಪಿ, ಬಾಯಲ್ಲಿ ಸಿಗರೇಟು! “ಹಾ ರಾಮಾ...” ಎಂದು ಅಳಲು ಶುರುಮಾಡಿದ ಸೀತೆ ಕಿಸಕ್ಕೆಂದಳು. ತಡೆದಷ್ಟೂ ಜೋರಾಯಿತು.

ಗೌಡರು ಎದ್ದು ನಿಂತರು. “ಏನಯ್ಯಾ, ಅಳೋ ಸೀತಮ್ಮ ಇಂಗೆ ಹಲ್ಲು ಕಿಸಿದ್ರೆ ಮಳೆ ಹೆಂಗಯ್ಯಾ ಬಂದಾತು?”

ಅಪ್ಪ ನನ್ನತ್ತ ತಿರುಗಿದರು. “ಯಾಕೆಲೇ ನಕ್ಕೆ?”

ಹೊಟ್ಟೆನೋವು ಅನ್ನಬಹುದಿತ್ತು. ಹಲ್ಲಿ ಮೈಮೇಲೆ ಬಿತ್ತು ಅನ್ನಬಹುದಿತ್ತು. ನಾನು ಒಂಬತ್ತನೆಯ ತಲೆಗೆ ಬೆರಳು ತೋರಿಸಿದೆ. ಅದೂ ಸಾಲದೆಂಬಂತೆ ಕನ್ನಡಕ, ಬೋರ್ಡು, ಗೊತ್ತಿದ್ದದ್ದನ್ನೆಲ್ಲ ಒಪ್ಪಿಸಿಬಿಟ್ಟೆ!

ಅಪ್ಪ ಎಲ್ಲವನ್ನೂ ಕೆರೆಸಿ ಹಾಕಿದರು. ಅಣ್ಣನ ಕುಂಚ ಕಿತ್ತುಕೊಂಡು ಗೊಂಬೆ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಅಂದಿನಿಂದ ಅವನಿಗೆ ತಾಳ ಹಾಕುವ ಕೆಲಸ. ಆದರೂ ಅಣ್ಣ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆಗಾಗ ಮಾತ್ರ ಕೇಳುತ್ತಿದ್ದ, “ಸೀತಮ್ಮನ್ನ ಸರ್ಯಾಗಿ ನೋಡಿದೇನಮ್ಮಿ?” ಚುಚ್ಚುತ್ತಿದ್ದಾನೆಂದುಕೊಂಡು ನಾನು ಮುಖ ತಿರುಗಿಸುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ, ಮೊನ್ನೆ ಗೊಂಬೆಗಳ ಧೂಳು ಒರೆಸುತ್ತ ಸೀತೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸೆರಗಿನ ಅಂಚಿನಲ್ಲಿ ಒಂದು ಪುಟ್ಟ ಟೆಂಟು. ಅದರಡಿ ತೆವಳುತ್ತಿರುವ ಇಬ್ಬರು ಮಕ್ಕಳು. ದೊಡ್ಡವನ ಕೈ ಚಿಕ್ಕವಳ ಬಾಯಿ ಮುಚ್ಚಿದೆ!

ಗಟ್ಟಿಯಾಗಿ ನಕ್ಕೆ. ಒಳಮನೆಯಿಂದ ಅಣ್ಣನ ದನಿ ಬಂತು: “ಕಂಡ್ತೇನಮ್ಮಿ?”

ಪೆಟ್ಟಿಗೆಯ ತಳ ತಡಕಿ, ಕುಂಚ ತೆಗೆದು, ಅವನ ಕೈಗಿಟ್ಟೆ.