ಹೆಬ್ಬೆಟ್ಟಿಲ್ಲದ ರಸೀದಿ

ದಿಗಿಲು ಬೀಳುವುದರಲ್ಲಿ ನನ್ನನ್ನು ಮೀರಿಸುವವರು ಕಾರ್ಕಳ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಜನರೆಲ್ಲ ಮನಿಯಾರ್ಡರ್ ಬಾರದೆ ಕಂಗಾಲಾಗುತ್ತಿದ್ದರೆ ನಾನು ಮನಿಯಾರ್ಡರ್ ಕಳಿಸಿ ಕಂಗಾಲಾಗುತ್ತಿದ್ದೆ. ಸಂಬಳವಾದ ಮರುದಿನವೇ ಕಾಪುವಿನಲ್ಲಿ ಮೀನು ಮಾರುವ ಅಕ್ಕನಿಗೆ ಹಣ ಕಳಿಸುವುದು ನನ್ನ ವ್ರತ. ತಲೆಯ ಮೇಲೆ ಬುಟ್ಟಿ ಹೊತ್ತು ನನ್ನನ್ನು ಓದಿಸಿ ಶಾಲೆ ಮಾಸ್ತರನನ್ನಾಗಿ ಮಾಡಿದವಳು ಅವಳೇ. ಹಣ ಮುಟ್ಟಿದ್ದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದ ರಸೀದಿ ಅಂಚೆಯಲ್ಲಿ ವಾಪಸು ಬರುವ ತನಕ ನನಗೆ ಊಟ ಸೇರುತ್ತಿರಲಿಲ್ಲ. ಬಂದ ಮೇಲೆ ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆ. ಗುರುತು ದಟ್ಟವಾಗಿದ್ದರೆ ಅಕ್ಕ ಗಟ್ಟಿ, ಮಸುಕಾಗಿದ್ದರೆ ಜ್ವರವಿರಬಹುದು. "ಶಾಯಿ ಕಡಿಮೆಯಾಗಿರಬಹುದು" ಎಂದು ಹೆಂಡತಿ ಹೇಳಿದರೆ ಅವಳ ಮೇಲೆಯೇ ಸಿಡುಕುತ್ತಿದ್ದೆ.

ಒಂದು ತಿಂಗಳು ಬಂದ ರಸೀದಿಯಲ್ಲಿ ಹೆಬ್ಬೆಟ್ಟೇ ಇಲ್ಲ! ಬದಲಿಗೆ 'ಗಿರಿಜ' ಎಂದು ಅಕ್ಕನ ಹೆಸರಿನಲ್ಲಿ ಸಹಿ. ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ. ಯಾರಾದರೂ ಹಣ ನುಂಗಿದರೇ? ಹಣ ಹಾಳಾಗಲಿ, ಅಕ್ಕ ಇದ್ದಾಳೆಯೇ? ಇದ್ದರೂ ಅವಳ ಹೆಬ್ಬೆರಳು ಇದೆಯೇ? ಮೀನು ಕತ್ತರಿಸುವ ಕತ್ತಿ ನೆನಪಾಗಿ ಬೆವತುಹೋದೆ. "ಇಲ್ಲಿ ಕೂತು ನನ್ನ ತಲೆ ತಿನ್ನಬೇಡಿ. ಹೋಗಿ ನೋಡಿ ಬನ್ನಿ" ಎಂದಳು ಹೆಂಡತಿ. ಶಾಲೆಗೆ ರಜೆ ಹಾಕಿ ಹೊರಟೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸುವಾಗ ಪರಿಚಯದವರೊಬ್ಬರು "ಎಂತ ಮಾಷ್ಟ್ರೇ, ಯಾರಾದರೂ ತೀರಿಹೋದರಾ?" ಎಂದು ಕೇಳಿದರು. ನನಗೆ ಅಲ್ಲೇ ಅಳು ಬಂತು.

ಕಾಪು ಮಾರ್ಕೆಟ್ಟಿನಲ್ಲಿ ಅಕ್ಕ, ಬಂಗುಡೆಗೆ ಚೌಕಾಸಿ ಮಾಡುತ್ತಿದ್ದವರೊಬ್ಬರನ್ನು ಬೈಯುತ್ತಿದ್ದಳು. ಹತ್ತೂ ಬೆರಳು ನೆಟ್ಟಗಿದ್ದವು. ನಾನು ರಸೀದಿ ಚಾಚಿ, "ಇದು ಯಾರ ಸಹಿ?" ಎಂದು ಗದರಿದೆ.

"ನನ್ನದೇ ಮಾರಾಯ! ನೆರೆಮನೆ ಐಸಮ್ಮನ ಗಂಡ ದುಬೈಯಿಂದ ಡ್ರಾಫ್ಟ್ ಕಳಿಸುವುದಲ್ವಾ? ಬ್ಯಾಂಕಿನಲ್ಲಿ ಸಹಿ ಹಾಕಬೇಕಂತ ಅವಳು ಮಗಳ ಹತ್ತಿರ ಕಲಿತಳು. ನಾನೂ ಜೊತೆಗೆ ಕೂತೆ. ಮೂರು ತಿಂಗಳು ಬೇಕಾಯಿತು." ಅಕ್ಕ ಕೈಯನ್ನು ಸೀರೆಗೆ ಒರೆಸಿ ರಸೀದಿ ತೆಗೆದುಕೊಂಡಳು. ಸ್ವಲ್ಪ ನಾಚಿಕೊಂಡು, "ಸರಿ ಉಂಟಾ? ನೀನು ಮಾಷ್ಟ್ರು ಅಲ್ವಾ, ಎಷ್ಟು ಮಾರ್ಕು ಕೊಡ್ತಿ?" ಎಂದು ಕೇಳಿದಳು.

ಹನ್ನೊಂದು ವರ್ಷದಿಂದ ಊರವರ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ನಾನು, ನನ್ನನ್ನು ಓದಿಸಿದವಳ ಕೈಗೆ ಒಂದು ಬಳಪ ಕೊಟ್ಟವನಲ್ಲ. ನಿಂತಲ್ಲೇ ನಾಚಿಕೆಯಾಯಿತು.

"ನೂರಕ್ಕೆ ನೂರು" ಎಂದೆ.

"ನಿನಗೆ ಎಷ್ಟು ಮಾರ್ಕು?" ಎಂದು ಅವಳು ಕೇಳಲಿಲ್ಲ. ಬದುಕಿದೆ.