‘ಅನಾವರಣ’ಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನ ಭಯವಿಲ್ಲ. ಚೆನ್ನಾಗಿ ಬಲ್ಲವನಿಗೂ ಇಲ್ಲ. ಅರ್ಧ ಬಂದವನ ಪಾಡು ಮಾತ್ರ ನಾಯಿಪಾಡು. ಎಪ್ಪತ್ತರ ದಶಕದ ಕೊನೆಯಲ್ಲಿ ಯಲಬುರ್ಗಾ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರನಾಗಿದ್ದೆ, ಅದೂ ಹಂಗಾಮಿ. ಶಾಲೆಗೆ ಜಾಗ ಕೊಟ್ಟು ತೀರಿಕೊಂಡಿದ್ದ ದೊಡ್ಡಗೌಡರ ಪಟದ ಅನಾವರಣಕ್ಕೆ ರಾಯಚೂರಿನಿಂದ ಸಾಹೇಬರೊಬ್ಬರು ಬರುವವರಿದ್ದರು. ಉತ್ತರದ ಕಡೆಯವರು, ಕನ್ನಡ ಬಾರದು. ಹೆಡ್‌ಮಾಸ್ತರರು ನನ್ನನ್ನು ಕರೆದು, “ಸ್ಟೇಜಿನ ಮ್ಯಾಲ ಎಲ್ಲಾ ಇಂಗ್ಲಿಷಿನ್ಯಾಗ ನೀವ ಹೇಳ್ಬೇಕ್ರಿ. ನಿಮ್ಮ ನೌಕರಿ ಕಾಯಂ ಆಗೋದು ಅವರ ಕೈಯಾಗ ಐತಿ, ನೆನಪಿರ್ಲಿ” ಎಂದರು.

ಸ್ವಾಗತ, ವಂದನೆ ಎಲ್ಲ ಹೇಗೋ ಹೊಂದಿತು. ‘ಅನಾವರಣ’ದ ಹತ್ತಿರ ಬಂದು ಬಂಡಿ ನಿಂತಿತು. ನನ್ನಲ್ಲಿದ್ದದ್ದು ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗುವ ನಿಘಂಟು. ಅದರಲ್ಲಿ ತಿರುಗಿ ಬರುವ ದಾರಿಯಿಲ್ಲ. ನನಗೆ ಹೊಳೆದವು ಡಿಸ್‌ಕ್ಲೋಜರ್, ರೆವಲೇಶನ್, ಎಕ್ಸ್‌ಪೋಜರ್. ಎಲ್ಲಕ್ಕೂ ನಿಘಂಟು ಕೊಟ್ಟ ಅರ್ಥ ಒಂದೇ: ಬಯಲು ಮಾಡುವುದು. ಡಿಸ್‌ಕ್ಲೋಜರ್ ಎಂದರೆ ಪೊಲೀಸ್ ಠಾಣೆಯ ವಾಸನೆ ಬಂತು. ರೆವಲೇಶನ್ ಎಂದರೆ ದೇವರೇ ಪ್ರತ್ಯಕ್ಷನಾಗಬೇಕು. ಗೌಡರು ಎಷ್ಟೇ ದಾನಿಗಳಾದರೂ ಅಷ್ಟು ದೂರ ಹೋಗುವವರಲ್ಲ. ಎಕ್ಸ್‌ಪೋಜರ್ ಎಂಬುದನ್ನು ಕೊಪ್ಪಳದ ಫೋಟೋ ಸ್ಟುಡಿಯೋದವನ ಬಾಯಲ್ಲಿ ಕೇಳಿದ್ದೆ. ಪಟವೂ ಫೋಟೋದ ಬಳಗವೇ ಅಲ್ಲವೇ ಎಂದು ಧೈರ್ಯ ತಂದುಕೊಂಡೆ. ಮರುಕ್ಷಣವೇ, ಆ ಪದಕ್ಕೆ ಬಟ್ಟೆ ಕಳಚುವ ಅರ್ಥವೂ ಇದೆಯೆಂದು ನೆನಪಾಯಿತು. ಬಟ್ಟೆ ಕಳಚುವುದೇ ಕಾರ್ಯಕ್ರಮ, ನಿಜ; ಆದರೆ ಗೌಡರದಲ್ಲವಲ್ಲ!

ಊಟ ಸೇರಲಿಲ್ಲ. “ಬಯಲು, ಬಯಲು” ಎಂದು ಗೊಣಗುತ್ತ ಅಂಗಳದಲ್ಲಿ ತಿರುಗಾಡುತ್ತಿದ್ದ ನನ್ನನ್ನು ಕಂಡು ಹೆಂಡತಿ ತಂಬಿಗೆ ತುಂಬಿ ತಂದಳು. “ಹೊಟ್ಟಿ ಕೆಟ್ಟೈತೇನ್ರಿ? ಹೋಗಿ ಬರ್ರಿ ಮದ್ಲ, ತಡಕೋಬ್ಯಾಡ್ರಿ.”

ಸಭೆಯ ದಿನವೂ ಪದ ಸಿಕ್ಕಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಬಾಯಿಂದ ಬಿದ್ದದ್ದು, “ನೌ, ದಿ ಎಕ್ಸ್‌ಪೋಜರ್ ಆಫ್ ದೊಡ್ಡಗೌಡ!” ಸಾಹೇಬರ ಹುಬ್ಬು ಮೇಲೇರಿತು. ನೌಕರಿ ಹೋಯಿತೆಂದುಕೊಂಡೆ. ಅವರು ದಾರ ಎಳೆದರು, ಬಟ್ಟೆ ಬಿತ್ತು, ಪಟಕ್ಕೆ ಹಾರ ಹಾಕಿ ಕೈಮುಗಿದರು. ಮುಂದಿನ ಸಾಲಿನಲ್ಲಿದ್ದ ಗೌಡರ ಹೆಂಡತಿ ಗೌರಮ್ಮನವರು ಎದ್ದು ನಿಂತರು. “ಅಯ್ಯ, ಇದು ನಮ್ಮನಿಯವರ ಪಟ ಅಲ್ರಿ! ನನ್ನ ಮೈದುನಂದು!”

ಅಣ್ಣತಮ್ಮಂದಿರು ಒಟ್ಟಿಗೆ ನಿಂತ ಫೋಟೋ ಕೊಟ್ಟು, ರುಮಾಲು ಸುತ್ತಿದವರನ್ನು ಬರೆಯಬೇಕೆಂದು ಗಂಗಾವತಿಯ ಪೇಂಟರನಿಗೆ ಹೆಡ್‌ಮಾಸ್ತರರು ಹೇಳಿದ್ದರಂತೆ. ಇಬ್ಬರ ತಲೆಯ ಮೇಲೂ ರುಮಾಲಿತ್ತು. ತಮ್ಮ ಸಣ್ಣಗೌಡನೋ, ಶಾಲೆಯ ಜಾಗದಲ್ಲಿ ತನಗೂ ಪಾಲಿದೆಯೆಂದು ಕೋರ್ಟಿಗೆ ಹೋಗಿದ್ದವನು. ಜಗಳ ತೆಗೆಯಲೆಂದೇ ಬಂದು ಹಿಂದೆ ಕೂತಿದ್ದ. ಈಗ, “ನಾ ಇನ್ನಾ ಬದುಕೀನ್ರಿ! ಹಾರ ತಗೀರಿ ಮದ್ಲ!” ಎಂದು ಕೂಗುತ್ತ ವೇದಿಕೆಗೆ ನುಗ್ಗಿದ.

ಅವನು ಹೇಳುವುದೇನೆಂದು ಸಾಹೇಬರು ನನ್ನನ್ನು ಕೇಳಿದರು. ಪಟದಲ್ಲಿರುವವರು ಇವರೇ, ಇನ್ನೂ ಜೀವಂತ ಇದ್ದಾರೆ ಎಂದು ತೊದಲಿದೆ. ಸಾಹೇಬರು ಪಟ ನೋಡಿದರು, ಮನುಷ್ಯನನ್ನು ನೋಡಿದರು. ಹಾರ ತೆಗೆದು ಸಣ್ಣಗೌಡನ ಕೊರಳಿಗೇ ಹಾಕಿ ಕೈಕುಲುಕಿದರು. ಜನ ಚಪ್ಪಾಳೆ ತಟ್ಟಿದರು. ಕಕ್ಕಾಬಿಕ್ಕಿಯಾದ ಸಣ್ಣಗೌಡ ಅತ್ತಿಗೆಯ ಕಡೆ ನೋಡಿದ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದರು, ಗಂಡ ಹೋದಮೇಲೆ ಮೊದಲ ಸಲವಂತೆ. ಅವನಿಗೂ ನಗು ತಡೆಯಲಾಗಲಿಲ್ಲ. “ಆತು ಬಿಡ್ರಿ ಅತ್ತಿಗಿ. ಊರ ಮುಂದ ಹಾರ ಹಾಕಿಸ್ಕೊಂಡ ಮ್ಯಾಲ ಇನ್ನೇನ್ ಕೋರ್ಟು!”

ಜೀಪು ಹತ್ತುವಾಗ ಸಾಹೇಬರು ನನ್ನ ಹೆಗಲು ತಟ್ಟಿ, ಇದಕ್ಕೆ ಅನ್‌ವೇಲಿಂಗ್ ಅನ್ನುತ್ತಾರೆ, ಆದರೆ ಇವತ್ತು ನಡೆದದ್ದಕ್ಕೆ ನಿಮ್ಮ ಪದವೇ ಸರಿ ಎಂದರು. ನೌಕರಿಯೂ ಕಾಯಂ ಆಯಿತು. ಅಂದಿನಿಂದ ಸುತ್ತಿನ ಹಳ್ಳಿಗಳಲ್ಲಿ ಯಾವ ಪಟದ ಅನಾವರಣವಿದ್ದರೂ ನನಗೆ ಕರೆ ಬರತೊಡಗಿತು. ಇಂಗ್ಲಿಷಿಗಲ್ಲ, ಹಿಂದಿನ ದಿನವೇ ಬಟ್ಟೆ ಎತ್ತಿ ಒಳಗೆ ಯಾರಿದ್ದಾರೆಂದು ನೋಡುವುದಕ್ಕೆ. ಪ್ರತಿ ಸಲವೂ ಕಣ್ಣು ಅರ್ಧ ಮುಚ್ಚಿಕೊಂಡೇ ಬಟ್ಟೆ ಎತ್ತುತ್ತಿದ್ದೆ. ಪೇಂಟರುಗಳನ್ನು ನಂಬುವುದು ಹೇಗೆ? ಒಳಗೆ ನಾನೇ ಇದ್ದುಬಿಟ್ಟರೆ?