ನಾಲ್ಕು ಡಿಸ್ಕು, ಒಂದು ನಗು

ಬೇರೆಯವರ ಮನೆಗೆ ಹೊಸ ಸಾಮಾನು ಬಂದರೆ ಬರೀ ಸಾಮಾನು ಬರುತ್ತದೆ. ನಮ್ಮ ಮನೆಗೆ ಅದರ ಬೆನ್ನಿಗೇ ಒಂದು ಫಜೀತಿ ಬರುತ್ತದೆ, ಫಜೀತಿ ಬಿಡಿಸಲು ನಾಲ್ಕು ಮಂದಿಯೂ ಬರುತ್ತಾರೆ. ಆ ಮಂದಿ ಇರದಿದ್ದರೆ ನಾನು ಎಂದೋ ಅಂಗಡಿ ಮುಚ್ಚುತ್ತಿದ್ದೆ.

ನಾನು ಬೀದರಿನಲ್ಲಿ ಮದುವೆ ವಿಡಿಯೊ ತೆಗೆಯುವವನು. ಹೋದ ವರ್ಷ ಭಾತಂಬ್ರಾದ ಹೆಣ್ಣುಮಗಳೊಬ್ಬಳು ಗಂಡನ ಮನೆಯಿಂದ ಫೋನ್ ಮಾಡಿದಳು.

"ಅಣ್ಣಾರ, ನಮ್ಮಪ್ಪ ತೀರಿಕೊಂಡ್ರು. ಎಲ್ಲಾ ಫೋಟೊದಾಗೂ ಮಾರಿ ಬಿಗಿದುಕೊಂಡೇ ನಿಂತಾರ್ರಿ. ನನ್ನ ಮದಿವ್ಯಾಗ ಒಮ್ಮೆ ಜೋರಾಗಿ ನಕ್ಕಿದ್ರು. ಅದು ನಿಮ್ಮ ಬಲ್ಲಿ ಅದ ಏನ್ರಿ? ಪಂಚಮಿಗೆ ತವರಿಗೆ ಬರ್ತೇನಿ, ಆವಾಗ ನೋಡ್ತೇನಿ."

"ಅದ, ಬಾ ತಂಗಿ" ಎಂದುಬಿಟ್ಟೆ. ಆಮೇಲೆ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಹಚ್ಚಿದರೆ ಅದು ಟಕ್ ಟಕ್ ಎನ್ನುತ್ತಿದೆ. ನಾನು ತೆಗೆದ ಮದುವೆಗಳೆಲ್ಲ ಅದೊಂದರಲ್ಲೇ ಇದ್ದವು. ಮನೆಯಲ್ಲೇ ನಾಲ್ಕು ಡಿಸ್ಕಿನ ಪೆಟ್ಟಿಗೆ ಇಟ್ಟು, ಎಲ್ಲವನ್ನೂ ಅದಕ್ಕೆ ಸಾಗಿಸುವುದೆಂದು ಅವತ್ತೇ ತೀರ್ಮಾನಿಸಿದೆ.

ರೇಡ್

ಒಂದೆರಡು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಎಲ್ಲ ವಾಪಸು ಸಿಗುವಂತೆ ಜೋಡಿಸುವುದಕ್ಕೆ ರೇಡ್ ಎನ್ನುತ್ತಾರೆ. ಕೊಳಾರದ ಗೋದಾಮೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗೆಳೆಯನಿಗೆ ಅಂಗಳದಲ್ಲಿ ನಿಂತು ಫೋನ್ ಮಾಡಿದೆ. ಫೋನಿನಲ್ಲಿ ನನ್ನ ದನಿ ಜರಾ ದೊಡ್ಡದು.

"ನಾಳಿ ಮುಂಜಾನೆ ನಮ್ಮ ಮನ್ಯಾಗ ರೇಡ್ ಅದ, ಜಲ್ದಿ ಬಾ. ಎರಡು ಹೋದ್ರೂ ಫಿಕರ್ ಇಲ್ಲ, ಉಳಿದಿದ್ರಾಗ ನಡೀತದ!"

ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಕಿರಾಣಿ ಕಾಕಾ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಕೈಯಲ್ಲಿ ದೊಡ್ಡದೊಂದು ಖಾಲಿ ಡಬ್ಬಿ.

"ಎರಡಾದ್ರೂ ಯಾಕ ಹೋಗ್ಬೇಕು? ಇದ್ರಾಗ ಹಾಕ್ರಿ, ಮ್ಯಾಲ ತೊಗರಿಬ್ಯಾಳಿ ಸುರೀತೇನಿ. ಯಾರಿಗೂ ಗೊತ್ತಾಗೂದಿಲ್ಲ" ಎಂದು ಪಿಸುಗುಟ್ಟಿದರು.

ನನ್ನ ಕಣ್ಣು ತುಂಬಿ ಬಂತು. ಇಂಥ ನೆರೆಯವರು ಎಷ್ಟು ಮಂದಿಗೆ ಸಿಗುತ್ತಾರೆ? ಇದು ಅಧಿಕಾರಿಗಳು ಬರುವ ರೇಡ್ ಅಲ್ಲ, ಕಂಪ್ಯೂಟರಿನದು ಎಂದು ಬಿಡಿಸಿ ಹೇಳಿದೆ. ಕಾಕಾ ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಅಂದ್ರ ಮನ್ಯಾಗ ಬಂಗಾರ ಇಲ್ಲೇನು?"

"ಇಲ್ಲ ಕಾಕಾ."

"ಸುಮ್ನ ಇಷ್ಟು ದಿನ ನಿಮಗ ನಮಸ್ಕಾರ ಮಾಡಿದ್ನಲ್ರಿ!"

ಬದಲಿ

ಮರುದಿನ ಗೆಳೆಯ ಬಂದ, ಪೆಟ್ಟಿಗೆ ಸಜ್ಜಾಯಿತು. ನಾಲ್ಕು ಡಿಸ್ಕಿದ್ದರೂ ಎರಡರಷ್ಟೇ ಜಾಗ ಸಿಗುತ್ತದೆ ಎಂದು ನಾನು ಹೇಳಿದಾಗ ಹೆಂಡತಿ ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು.

"ನಾಕು ತಂದು ಎರಡರ ಜಾಗ? ಉಳಿದೆರಡು ಏನ್ ಮಾಡ್ತಾವ್ರಿ?"

"ಎರಡು ಕೈ ಕೊಟ್ರೂ ಕೆಲಸ ನಿಲ್ಲಬಾರದು. ಅದಕ್ಕ ಅಷ್ಟು ಜಾಗ ಬದಲಿಗೆ ಅಂತ ಬಿಡಬೇಕು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಮ್ಮಪ್ಪಗ ಆವಾಗ ಈ ಬುದ್ಧಿ ಇರಲಿಲ್ಲ ನೋಡ್ರಿ. ಎಲ್ಲಾ ಭಾರ ಒಬ್ಬನೇ ಅಳಿಯನ ಮ್ಯಾಲ ಹಾಕಿಬಿಟ್ಟ."

ಬೀಜ

ಎಲ್ಲ ಹೇಗೋ ಹೊಸ ಪೆಟ್ಟಿಗೆಗೆ ಬಂದ ಮೇಲೆ, ಟಕ್ ಟಕ್ ಎನ್ನುವ ಹಳೆಯ ಡಿಸ್ಕನ್ನು ಅದರ ಪಕ್ಕದಲ್ಲೇ ಇಟ್ಟೆ. ಔರಾದ ಕಡೆಯ ಠಾಣಾ ಕುಶನೂರಿನಿಂದ ಬಂದಿದ್ದ ನಮ್ಮ ಅತ್ತಿಯವರಿಗೆ, ಅಂದರೆ ಹೆಂಡತಿಯ ತಾಯಿಗೆ, ಅದು ಸರಿ ಕಾಣಲಿಲ್ಲ.

"ಏನ್ರಿ ಅಳಿಯಾರ, ಬೀಜ ಯಾರಾದ್ರೂ ಒಂದೇ ಮನ್ಯಾಗ ಇಡ್ತಾರೇನು? ನಾ ಅರ್ಧ ನಮ್ಮನ್ಯಾಗ, ಅರ್ಧ ತಂಗಿ ಮನ್ಯಾಗ ಇಡ್ತೇನಿ. ಒಂದು ಮನಿಗಿ ಬೆಂಕಿ ಬಿದ್ರ ಇನ್ನೊಂದು ಇರ್ತದ."

ಇದು ಬೀಜ ಅಲ್ಲ ಎಂದು ನಾನು ನಕ್ಕೆ. ಅತ್ತಿ ನಗಲಿಲ್ಲ. ಊರಿಗೆ ಹೊರಟಾಗ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟುಕೊಂಡು ನಡೆದೇಬಿಟ್ಟರು.

ಇತ್ತ ನನಗೆ ಸ್ವಚ್ಛ ಮಾಡುವ ಹುಕಿ ಬಂತು. ಕೈ ಅಲುಗಿದ್ದು, ತಲೆ ತುಂಡಾದದ್ದು, ಬರೀ ಪೆಂಡಾಲು ಕಂಡದ್ದು, ಇಂಥ ತುಣುಕುಗಳನ್ನೆಲ್ಲ ಹುಡುಕಿ ಅಳಿಸಿದೆ. ಪಂಚಮಿಗೆ ಎರಡು ದಿನ ಇರುವಾಗ ಭಾತಂಬ್ರಾದ ಮದುವೆಯ ವಿಡಿಯೊ ಹಚ್ಚಿ ನೋಡಿದೆ. ಅಕ್ಷತೆಯಿಂದ ಊಟದವರೆಗೆ ಆ ಅಪ್ಪ ಒಮ್ಮೆಯೂ ನಗಲಿಲ್ಲ. ನಗು ಇದ್ದದ್ದು ನಾನು ಅಳಿಸಿದ್ದರಲ್ಲಿ. ನಾಲ್ಕೂ ಡಿಸ್ಕು ಬಹಳ ಒಗ್ಗಟ್ಟಿನಿಂದ ಅದನ್ನು ಅಳಿಸಿದ್ದವು. ಡಿಸ್ಕ್ ಕೆಟ್ಟರೆ ಬದಲಿ ಇತ್ತು, ನನ್ನ ತಲೆ ಕೆಟ್ಟರೆ ಇರಲಿಲ್ಲ.

ಇನ್ನು ಉಳಿದದ್ದು ಅತ್ತಿ ಒಯ್ದ ಹಳೆಯ ಡಿಸ್ಕೊಂದೇ. ಔರಾದಿಗೆ ಒಂದು ಬಸ್ಸು, ಅಲ್ಲಿಂದ ಠಾಣಾ ಕುಶನೂರಿಗೆ ಇನ್ನೊಂದು. ಅತ್ತಿ ಜೋಳದ ಬೀಜದ ಗಡಿಗೆಯೊಳಗೆ ಮೊಳಕೈತನಕ ಕೈ ಹಾಕಿದರು. ಬೇವಿನ ಎಲೆ ಬಂತು, ಬೂದಿ ಬಂತು, ಕಡೆಗೆ ಗಂಟು ಹಾಕಿದ ಆ ಪ್ಲಾಸ್ಟಿಕ್ ಚೀಲ ಬಂತು. ಬಿಚ್ಚಿ, ಡಿಸ್ಕನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

"ತಗೋರಿ ಅಳಿಯಾರ. ಒಂದು ಹುಳ ಹತ್ತಿಲ್ಲ."

ಅವರ ಕಾಲಿಗೆ ಬಿದ್ದೆ. ಮದುವೆಯಲ್ಲೂ ಅಷ್ಟು ಭಕ್ತಿಯಿಂದ ಬಿದ್ದಿರಲಿಲ್ಲ.

ಆ ನಗು

ಹಳೆಯ ಡಿಸ್ಕು ಟಕ್ ಟಕ್ ಎನ್ನುತ್ತಲೇ ಆ ತುಣುಕು ಕೊಟ್ಟಿತು. ಪಂಚಮಿಯ ಮರುದಿನ ಹೆಣ್ಣುಮಗಳು ಉಂಡಿ ಕಟ್ಟಿಕೊಂಡು ಬಂದಳು. ಕೂಡಿಸಿ, ವಿಡಿಯೊ ಹಚ್ಚಿದೆ.

ಮೆರವಣಿಗೆ ಬರುತ್ತಿದೆ. ಕ್ಯಾಮೆರಾ ಹಿಂದೆ ಹಿಂದೆ ಸರಿಯುತ್ತಿದೆ. ತಟ್ಟನೆ ಆಕಾಶ, ದೊಡ್ಡದೊಂದು ಸಪ್ಪಳ, ಆಮೇಲೆ ಎಲ್ಲ ಅಡ್ಡಡ್ಡ. ಕುರಿಗಳಿಗೆ ನೀರಿಟ್ಟ ಬಾನಿಯಲ್ಲಿ ನಾನು ಕುಂಡೆ ಊರಿ ಕೂತಿದ್ದೆ. ಅಡ್ಡವಾಗಿಯೇ ಅವಳಪ್ಪ ಕಂಡರು. ರುಮಾಲು ಜಾರಿದೆ, ತೊಡೆ ತಟ್ಟಿಕೊಂಡು, ಉಸಿರು ಕಟ್ಟುವಂತೆ ನಗುತ್ತಿದ್ದಾರೆ. "ಏ ಫೋಟೊದವರ, ನಮ್ಮ ಕುರಿಗಿ ಜರಾ ನೀರು ಉಳಸ್ರೀ!"

ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಸೆರಗಿನಲ್ಲೇ ಕಣ್ಣೊರೆಸಿಕೊಂಡು ಕೇಳಿದಳು:

"ಅಣ್ಣಾರ, ಇನ್ನೊಮ್ಮೆ ಬೀಳ್ರಿ."

ಬಿದ್ದೆ. ಮತ್ತೆ ಕೇಳಿದಳು, ಮತ್ತೆ ಬಿದ್ದೆ. ಅವತ್ತು ಒಟ್ಟು ಹದಿನಾಲ್ಕು ಸಲ ಬಾನಿಗೆ ಬಿದ್ದೆ. ಹೊರಡುವಾಗ ಅವಳು ಬಾಗಿಲಲ್ಲಿ ತಿರುಗಿ ನಿಂತು ಕೈ ಮುಗಿದಳು.

"ನಿಮ್ಮ ಉಪಕಾರ ಮರೆಯೂದಿಲ್ಲ ಅಣ್ಣಾರ. ನೀವು ಬಿದ್ದಿದ್ದು ಭಾಳ ಛಲೋ ಆತ್ರಿ."

ಇಷ್ಟು ವರ್ಷದ ಕಸುಬಿನಲ್ಲಿ ನನ್ನ ಕೆಲಸವನ್ನು ಇಷ್ಟು ಮನಸಾರೆ ಯಾರೂ ಹೊಗಳಿರಲಿಲ್ಲ.